ಅಯ್ಯಮ್ಮ ತಾನೇ ಬರೆದ ಹೇಳಿಕೆ

ಅಯ್ಯಮ್ಮನ ಬಲಗೈಯ ಮೂರು ಬೆರಳುಗಳು ಇಂದಿಗೂ ಪೂರ್ತಿ ಮಡಚುವುದಿಲ್ಲ. ಮೆಟ್ರೊದಲ್ಲಿ ಪಕ್ಕ ಕೂತವರು ಆ ಬೆರಳುಗಳನ್ನು ನೋಡಿ, ಆಮೇಲೆ ಅವಳ ಕಣ್ಣುಗಳನ್ನು ನೋಡಿ, "ಪಾಪ, ಹುಟ್ಟಿನಿಂದ್ಲೂ ಹೀಗೇನಾ?" ಎಂದು ಕೇಳುತ್ತಾರೆ. ಎಲುಬಿಲ್ಲದ ನಾಲಿಗೆ, ಯಾವ ಕಡೆ ಬೇಕಾದರೂ ಹೊರಳುತ್ತದೆ. ಅಯ್ಯಮ್ಮ ಮುಖ ತಿರುಗಿಸುವುದೂ ಇಲ್ಲ, ದನಿ ತಗ್ಗಿಸುವುದೂ ಇಲ್ಲ. "ಕಣ್ಣು ದಡಾರ ತಗೊಂಡ್ಹೋಯ್ತು. ಬೆರಳು ಗಂಡ ಮುರಿದ" ಎನ್ನುತ್ತಾಳೆ. ಕೇಳಿದವರು ತಮ್ಮ ನಿಲ್ದಾಣ ಬರುವ ಮೊದಲೇ ಎದ್ದು ಬಾಗಿಲ ಬಳಿ ಹೋಗಿ ನಿಲ್ಲುತ್ತಾರೆ.

ಅವಳ ಊರು ರಾಯಚೂರು ಜಿಲ್ಲೆಯ ಮಸ್ಕಿಯ ಕಡೆ. ನಾಲ್ಕು ವರ್ಷಕ್ಕೆ ದಡಾರ ಬಂದು ಕಣ್ಣು ಹೋದ ಮೇಲೆ, ಅಂಧ ಮಕ್ಕಳ ವಸತಿಶಾಲೆ, ಅಲ್ಲಿಂದ ಬೆಂಗಳೂರು, ಬಿ.ಎ. ಓದು. ಕಣ್ಣಿಲ್ಲದವರು ಪರೀಕ್ಷೆ ಬರೆಯುವುದು ಹೇಗೆ ಎಂದು ಕಣ್ಣಿದ್ದವರು ಯೋಚಿಸಿಯೇ ಇರುವುದಿಲ್ಲ. ಪಕ್ಕದಲ್ಲಿ ಒಬ್ಬ ಕೂರುತ್ತಾನೆ, ಅವನಿಗೆ ಸ್ಕ್ರೈಬ್ ಎನ್ನುತ್ತಾರೆ. ಇವರು ಹೇಳಬೇಕು, ಅವನು ಬರೆಯಬೇಕು. ಬರೆದದ್ದನ್ನು ಮತ್ತೆ ನೋಡಿ ತಿದ್ದುವ ಭಾಗ್ಯ ಇವರಿಗಿಲ್ಲ. ಹಾಗಾಗಿ ಇಡೀ ಉತ್ತರವನ್ನು ಮೊದಲು ತಲೆಯಲ್ಲೇ ಸಾಲುಸಾಲಾಗಿ ಕಟ್ಟಿಟ್ಟುಕೊಂಡು, ಆಮೇಲೆ ಒಂದೇ ಉಸಿರಿನಲ್ಲಿ ಹೇಳಬೇಕು. ಅಯ್ಯಮ್ಮ ಅದರಲ್ಲಿ ಪಳಗಿದವಳು. ಎರಡನೇ ವರ್ಷದಿಂದ ಅವಳಿಗೆ ಬರೆದುಕೊಟ್ಟವನು ಲಕ್ಷ್ಮಿಕಾಂತ. ಸಿಂಧನೂರಿನವನು, ಪಿಯುಸಿಗೇ ಓದು ಬಿಟ್ಟು ಶಿವಾಜಿನಗರದ ಒಂದು ಗೋದಾಮಿನಲ್ಲಿ ಕೆಲಸಕ್ಕಿದ್ದವನು. ಅಕ್ಷರ ಮುತ್ತು ಪೋಣಿಸಿದ ಹಾಗೆ ಎಂದು ಎಲ್ಲರೂ ಹೇಳುತ್ತಿದ್ದರು. ಅವಳಿಗೆ ಗೊತ್ತಿದ್ದದ್ದು ಅವನ ದನಿ ಮಾತ್ರ, ಅದು ಮೆತ್ತಗಿತ್ತು.

ಡಿಗ್ರಿ ಮುಗಿದ ವರ್ಷವೇ ಮದುವೆ. ಊರಿಗೆ ಊರೇ ಅವನನ್ನು ಹೊಗಳಿತು. ಅಯ್ಯಮ್ಮನ ತಾಯಿಯಂತೂ ಅಳಿಯನ ಕಾಲಿಗೆ ಬೀಳಲು ಹೋದಳು. ಕಣ್ಣಿಲ್ಲದ ಹುಡುಗಿಯನ್ನು ಕಟ್ಟಿಕೊಂಡ ಗಂಡಸಿಗೆ ಈ ನಾಡಿನಲ್ಲಿ ಸಿಗುವ ಮರ್ಯಾದೆ ನೋಡಿದರೆ ಮೈ ಉರಿಯುತ್ತದೆ. ಅವಳು ಅವನನ್ನು ಕಟ್ಟಿಕೊಂಡದ್ದನ್ನು ಯಾರೂ ಹೊಗಳಲಿಲ್ಲ.

ಹಲಸೂರಿನ ಸಂತೆಬೀದಿಯ ಹಿಂದಿನ ಓಣಿಯಲ್ಲಿ, ಕಮರುನ್ನೀಸಾ ಎಂಬ ಹಿರಿಯ ಹೆಂಗಸಿನ ಮನೆಯ ಮಹಡಿ ಮೇಲೆ ಒಂದು ರೂಮು, ಒಂದು ಅಡುಗೆಮೂಲೆ. ಐದು ವರ್ಷ ಸಂಸಾರ ನೆಟ್ಟಗೇ ನಡೆಯಿತು ಎನ್ನಬೇಕು. ಪತ್ರ ಬಂದರೆ ಅವನು ಓದಿ ಹೇಳುವನು. ಫೋನಿಗೆ ಮೆಸೇಜು ಬಂದರೆ ಅವನೇ ಓದುವನು, ಅವನೇ ಉತ್ತರ ಬರೆಯುವನು. ಔಷಧಿ ಚೀಟಿ, ಕರೆಂಟ್ ಬಿಲ್ಲು, ತಂಗಿಯ ಮದುವೆ ಕಾರ್ಡು, ಎಲ್ಲ ಅವನ ಬಾಯಿಂದ. ತನಗೆ ಬೇಡವಾದದ್ದನ್ನು ಅವನು ನುಂಗಿಬಿಡುತ್ತಿದ್ದ ಎಂಬುದು ಅವಳಿಗೆ ತಿಳಿದದ್ದು ಬಹಳ ತಡವಾಗಿ.

ಮೊದಲ ಏಟು ಬಿದ್ದದ್ದು ಕೀಬೋರ್ಡು ಮನೆಗೆ ಬಂದ ವಾರ.

ಅವಳಿಗೆ ಗರುಡಾಚಾರ್‌ಪಾಳ್ಯದ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿತ್ತು. ಟ್ಯಾಬ್ಲೆಟ್‌ಗಳಲ್ಲಿ ಬರುವ ಆ್ಯಪುಗಳು ಕಣ್ಣಿಲ್ಲದವರ ಕೈಗೆ ಒಗ್ಗುತ್ತವೋ ಇಲ್ಲವೋ ಎಂದು ಪರೀಕ್ಷಿಸುವ ಕೆಲಸ. ಗಾಜಿನ ಮೇಲೆ ಬೆರಳಾಡಿಸಿದರೆ, ಬೆರಳಿನ ಕೆಳಗೆ ಏನಿದೆಯೋ ಅದನ್ನು ಒಳಗಿನ ದನಿ ಓದಿ ಹೇಳುತ್ತದೆ. ಆದರೆ ಗಾಜು ನುಣ್ಣಗೆ, ಅದಕ್ಕೆ ಗುರುತಿಲ್ಲ, ಅಂಚಿಲ್ಲ. ಒಂದು ಗುಂಡಿ ಹುಡುಕಲು ಬೆರಳು ಊರೆಲ್ಲ ಸುತ್ತಬೇಕು. ಅಂಗೈ ಅಗಲದ ಒಂದು ಕೀಬೋರ್ಡನ್ನು ತಂತಿಯಿಲ್ಲದೆ ಜೋಡಿಸಿದರೆ ಕಥೆಯೇ ಬೇರೆ. ಬಾಣದ ಕೀಲಿ ಒತ್ತಿದರೆ ಮುಂದಿನ ಸಾಲು, ಇನ್ನೊಂದು ಒತ್ತಿದರೆ ಹಿಂದಿನದು. ಟ್ಯಾಬ್ಲೆಟ್ಟು ಚೀಲದಲ್ಲೇ ಇರಲಿ, ಕೀಬೋರ್ಡು ತೊಡೆಯ ಮೇಲಿದ್ದರೆ ಸಾಕು, ಓದಬಹುದು, ಬರೆಯಬಹುದು. ಕೆಲವು ಆ್ಯಪುಗಳಲ್ಲಿ ಕೀಲಿ ಒತ್ತುತ್ತ ಒತ್ತುತ್ತ ಒಂದು ಮೂಲೆಗೆ ಹೋದರೆ ಹೊರಗೆ ಬರಲು ದಾರಿಯೇ ಇರುವುದಿಲ್ಲ, ಇಲಿಬೋನಿನ ಹಾಗೆ. ಅಂಥ ಬೋನುಗಳನ್ನು ಹುಡುಕಿ ವರದಿ ಬರೆಯುವುದರಲ್ಲಿ ಅಯ್ಯಮ್ಮನನ್ನು ಮೀರಿಸುವವರಿರಲಿಲ್ಲ. ಇದನ್ನೆಲ್ಲ ಅವಳಿಗೆ ಕಲಿಸಿದವನು ಓವೈಸ್, ಫ್ರೇಜರ್ ಟೌನಿನ ಹುಡುಗ, ಅವನೂ ಪೂರ್ತಿ ಕುರುಡ.

"ಅಕ್ಕಾ, ಸ್ಕ್ರೀನು ಆರಿಸ್ಬಿಡಿ" ಎಂದಿದ್ದ ಓವೈಸ್. "ಕರ್ಟನ್ ಹಾಕಿದ್ರೆ ಗಾಜು ಕಪ್ಪಾಗತ್ತೆ, ಒಳಗೆ ಎಲ್ಲಾ ನಡೀತಾ ಇರತ್ತೆ. ಬ್ಯಾಟ್ರೀನೂ ಉಳಿಯತ್ತೆ, ಪಕ್ಕದವರು ಇಣುಕೋದೂ ತಪ್ಪತ್ತೆ. ನಮಗ್ಯಾಕೆ ಬೆಳಕು?"

ಆ ಕಪ್ಪು ಗಾಜೇ ಲಕ್ಷ್ಮಿಕಾಂತನ ಕಣ್ಣಿಗೆ ಚುಚ್ಚಿತು. ಹೆಂಡತಿ ಎದುರಿಗೇ ಕೂತಿದ್ದಾಳೆ, ಬೆರಳು ಟಕಟಕ ಓಡುತ್ತಿವೆ, ಕಿವಿಯ ತಂತಿಯಲ್ಲಿ ಏನೋ ಕೇಳಿ ನಗುತ್ತಾಳೆ, ಇವನಿಗೆ ಕಾಣುವುದು ಸತ್ತ ಗಾಜು. ಇಷ್ಟು ವರ್ಷ ಅವಳ ಪಾಲಿಗೆ ಬಂದ ಅಕ್ಷರವೆಲ್ಲ ಅವನ ಗಂಟಲಿನಿಂದ ಹಾದು ಹೋಗಿತ್ತು. ಈಗ ಅವನನ್ನು ಕೇಳುವವರಿಲ್ಲ.

"ಏನ್ ಬರಿಯಾಕತ್ತೀದಿ?"

"ಆಫೀಸಿಂದು ರೀ."

"ಓದಿ ಹೇಳು."

ಅವಳು ಓದಿ ಹೇಳಿದಳು. ಇಂಗ್ಲಿಷು ಅವನಿಗೆ ಅರ್ಥವಾಗಲಿಲ್ಲ. ಅರ್ಥವಾಗದ್ದಕ್ಕೆ ಕೆನ್ನೆಗೆ ಬಿತ್ತು. ಕಣ್ಣಿದ್ದವರಿಗೆ ಏಟು ಬರುವುದು ಕಾಣುತ್ತದೆ, ಕತ್ತಾದರೂ ಬಗ್ಗುತ್ತದೆ. ಅಯ್ಯಮ್ಮನಿಗೆ ಪ್ರತಿ ಏಟೂ ಶೂನ್ಯದಿಂದ ಬಂದು ಬೀಳುತ್ತಿತ್ತು. ಮುಂದಿನದು ಎಲ್ಲಿಗೆ ಎಂದು ತಿಳಿಯದೆ ಇಡೀ ಮೈ ಬಿಗಿಹಿಡಿದು ನಿಲ್ಲಬೇಕು, ಅದು ಬರದೆ ಹೋದರೂ ಬಿಗಿ ಸಡಿಲುವುದಿಲ್ಲ.

ಅಲ್ಲಿಂದ ಅದು ನಿಲ್ಲಲಿಲ್ಲ. ಸ್ಟೀಲು ಲೋಟ ಹಣೆಗೆ ಬಂತು. ಕುದಿಯುವ ಚಹಾ ತೊಡೆಗೆ ಬಿತ್ತು. ಕೂದಲು ಹಿಡಿದು ತಲೆಯನ್ನು ಬಾಗಿಲ ಚೌಕಟ್ಟಿಗೆ ಬಡಿದ ದಿನ ಎರಡು ಹಲ್ಲು ಅಲುಗಾಡಿದವು. ಬಿಳಿ ಕೋಲನ್ನು ಮೊಣಕಾಲಿಗೆ ಒತ್ತಿ ಮುರಿದು, ಮುರಿದ ತುಂಡಿನಿಂದಲೇ ಬೆನ್ನಿಗೆ ಬಾರಿಸಿದ. ಓಣಿಗೆಲ್ಲ ಕೇಳುತ್ತಿತ್ತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಗಾದೆ ಹೇಳಿ ಕಿಟಕಿ ಹಾಕಿಕೊಂಡರು. ಆ ಗಾದೆ ಕಟ್ಟಿದವರ ಬೆನ್ನಿಗೆ ಆ ಕೋಲಿನ ತುಂಡು ಬೀಳಬೇಕಿತ್ತು. ಕೆಳಗಿನ ಕಮರುನ್ನೀಸಾ ಒಳ್ಳೆಯವಳೇ, ಅರಿಸಿನ ಹಾಲು ತಂದುಕೊಟ್ಟಳು. ಕೊಟ್ಟು ಹೇಳಿದ್ದು, "ಸಬರ್ ಮಾಡು ಬೇಟಾ, ತಾಳ್ಕೋ. ಗಂಡಸ್ರು ಹಂಗೇ. ನಿನ್ಗೆ ಅವ್ನ ಬಿಟ್ರೆ ಯಾರಿದಾರೆ?"

ಒಮ್ಮೆ ಹುಬ್ಬು ಸೀಳಿ ರಕ್ತ ನಿಲ್ಲದೆ ಹೋದಾಗ ಅಯ್ಯಮ್ಮ ತಾನೇ ಪೊಲೀಸರಿಗೆ ಫೋನು ಮಾಡಿದಳು. ಜೀಪು ಬಂದು ಇಬ್ಬರನ್ನೂ ಠಾಣೆಗೆ ಕರೆದುಕೊಂಡು ಹೋಯಿತು. ಅಲ್ಲಿ ಎ.ಎಸ್.ಐ. ಭೀಮೇಶ್ ಅವಳ ಹೇಳಿಕೆ ತೆಗೆದುಕೊಂಡರು. ಅವಳು ಒಂದೊಂದಾಗಿ ಹೇಳಿದಳು, ಗಂಡ ಬಾಗಿಲಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದ. ನಡುವೆ ಅವಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಗಂಡನನ್ನು ಒಳಗೆ ಕರೆದರು, ಬಾಗಿಲು ಮುಚ್ಚಿತು. ಮತ್ತೆ ಕರೆದಾಗ ಕಾಗದ ತಯಾರಾಗಿತ್ತು.

"ಕಣ್ಣು ಕಾಣಲ್ವಲ್ಲಮ್ಮ, ಯಾರಾದ್ರೂ ಓದಿ ಹೇಳ್ಬೇಕು" ಎಂದರು ಭೀಮೇಶ್.

"ನಾನೇ ಓದ್ತೀನಿ ಸಾರ್, ನಾನೇ ಆಕೀ ಸ್ಕ್ರೈಬ್ ಆಗಿದ್ದೆ" ಎಂದ ಲಕ್ಷ್ಮಿಕಾಂತ.

ಅವನು ಓದಿದ. ಅವಳು ಹೇಳಿದ್ದನ್ನೆಲ್ಲ, ಒಂದಕ್ಷರ ಬಿಡದೆ, ಅದೇ ಮೆತ್ತಗಿನ ದನಿಯಲ್ಲಿ ಓದಿದ. ಲೋಟ, ಚಹಾ, ಚೌಕಟ್ಟು, ಎಲ್ಲ ಇತ್ತು. ಅವನಿಗೆ ನಾಚಿಕೆಯಾಗಿದೆ, ಬುದ್ಧಿ ಬಂದಿದೆ ಎಂದುಕೊಂಡಳು ಹುಚ್ಚಿ. "ನಾನು ಸಹಿ ಮಾಡ್ತೀನಿ" ಎಂದಳು. ಕುರುಡರಿಗೆ ಹೆಬ್ಬೆಟ್ಟೇ ಎಂದು ಅವಳ ಕೈ ಹಿಡಿದು ಶಾಯಿಗೆ ಅದ್ದಿ ಒತ್ತಿಸಿದರು. ಬಿ.ಎ. ಮಾಡಿದವಳ ಹೆಬ್ಬೆಟ್ಟು.

ಮೂರು ತಿಂಗಳ ಮೇಲೆ ಆಫೀಸಿನಲ್ಲಿ ಚೀಲ ತಡಕಾಡುವಾಗ, ಠಾಣೆಯಲ್ಲಿ ಕೊಟ್ಟಿದ್ದ ಆ ಕಾಗದದ ನಕಲು ಕೈಗೆ ಸಿಕ್ಕಿತು. ಓವೈಸ್ ತನ್ನ ಫೋನಿನ ಕ್ಯಾಮರಾ ಅದರ ಮೇಲೆ ಹಿಡಿದ. ಫೋನು ಓದಿತು: ನಾನು ಅಂಧಳಾದ ಕಾರಣ ಮೆಟ್ಟಿಲಿನಿಂದ ಜಾರಿ ಬಿದ್ದು ಗಾಯ ಮಾಡಿಕೊಂಡಿರುತ್ತೇನೆ, ಗಂಡನ ಮೇಲೆ ಯಾವುದೇ ದೂರು ಇರುವುದಿಲ್ಲ.

ಹೊಡೆತ ತಿಂದದ್ದಕ್ಕಿಂತ ಇದು ಅವಳ ಎದೆಯನ್ನು ಹೆಚ್ಚು ಇರಿಯಿತು. ಪರೀಕ್ಷೆಯ ಕೋಣೆಯಲ್ಲೂ ಹೀಗೇ ಮಾಡಿದ್ದನೇ? ತನ್ನ ಡಿಗ್ರಿಯಲ್ಲಿ ತನ್ನ ಮಾತೆಷ್ಟು, ಅವನದೆಷ್ಟು? ತಂಗಿಗೆ ಬರೆದ ಉತ್ತರಗಳು? ಅಮ್ಮನಿಗೆ?

"ಅಕ್ಕಾ, ಈ ಸಲ ನೀವೇ ಬರೀರಿ" ಎಂದ ಓವೈಸ್.

ಅವಳು ಬರೆದಳು. ತಾರೀಖು, ವಾರ, ಹೊಡೆದ ಸಾಮಾನು, ಹೊಡೆದ ಜಾಗ. ಮೂರು ವಾರ, ಮನೆಯಲ್ಲೇ, ಅವನು ಎದುರಿಗೆ ಕೂತು ರೊಟ್ಟಿ ತಿನ್ನುವಾಗಲೇ, ಕಪ್ಪು ಗಾಜಿನ ಹಿಂದೆ. ಇಪ್ಪತ್ತಾರು ತಾರೀಖುಗಳಾದವು. ಸೋಮವಾರ ಅದನ್ನು ಹಿಡಿದು ಓವೈಸನ ಜೊತೆ ದೊಡ್ಡ ಅಧಿಕಾರಿಗಳ ಬಳಿಗೇ ಹೋಗುವುದೆಂದು ಮಾತಾಗಿತ್ತು. ಈ ಮನೆಯಿಂದ ಜೀವಸಹಿತ ಹೊರಗೆ ಹೋಗಬೇಕು, ಹೋಗುವಾಗ ತನ್ನ ಮಾತು ತನ್ನದಾಗಿಯೇ ಹೋಗಬೇಕು. ಅವಳಿಗೆ ಬೇಕಿದ್ದದ್ದು ಅಷ್ಟೇ.

ಭಾನುವಾರ ಬೆಳಿಗ್ಗೆ ಹನ್ನೊಂದರ ಸುಮಾರು, ಇಪ್ಪತ್ತಾರನೆಯ ತಾರೀಖಿನದನ್ನು ಬರೆದು ಮುಗಿಸಲು ಕೂತಳು. ಇಲ್ಲಿ ಅವಳಂಥವರು ಮಾತ್ರ ಮಾಡುವ ಒಂದು ತಪ್ಪಾಯಿತು. ಈ ಯಂತ್ರದ ದನಿಗೆ ಪಳಗಿದವರು ಅದು ಮಾತು ಮುಗಿಸುವ ತನಕ ಕಾಯುವುದಿಲ್ಲ. ಮೊದಲ ಶಬ್ದ ಬಂತೋ, ವಿಷಯ ತಿಳಿಯಿತು ಎಂದು ಕೀಲಿಯೊತ್ತಿ ಬಾಯಿ ಮುಚ್ಚಿಸಿ ಮುಂದೆ ಓಡುತ್ತಾರೆ. ಕರ್ಟನ್ನು ಆಗಲೇ ಹಾಕಿತ್ತು. ಅವಳು ಅಭ್ಯಾಸಬಲದಿಂದ ಇನ್ನೊಮ್ಮೆ ಒತ್ತಿದಳು. "ಸ್ಕ್ರೀನ್ ಕರ್ಟನ್" ಎಂದಿತು ದನಿ. ಮುಂದಿನ 'ಆಫ್' ಬರುವ ಮೊದಲೇ ಅವಳು ಅದನ್ನು ತುಂಡರಿಸಿ ಬರೆಯತೊಡಗಿದಳು. ಗಾಜು ಬೆಳಗಿತು. ಅವಳಿಗೆ ಅದು ಕಾಣುವುದೆಂತು?

ಲಕ್ಷ್ಮಿಕಾಂತ ಸ್ನಾನ ಮುಗಿಸಿ ಹಿಂದೆ ಬಂದು ನಿಂತಿದ್ದ. ಎಷ್ಟು ಹೊತ್ತಿನಿಂದಲೋ. ಸೋಪಿನ ವಾಸನೆ ಬಂತು, ಆದರೆ ಉಸಿರಿನ ಸದ್ದಿರಲಿಲ್ಲ. ಅವಳ ಬೆರಳು ನಿಂತವು.

ಅವನು ಓದತೊಡಗಿದ. ಅದೇ ಪರೀಕ್ಷೆಯ ಕೋಣೆಯ ದನಿ. "ಮೇ ಹದಿನಾಲ್ಕು, ಬುಧವಾರ. ಸಂಜೆ ಅಡುಗೆಮನೆಯಲ್ಲಿ ನನ್ನ ಬೆನ್ನಿಗೆ ಚಪ್ಪಲಿಯಿಂದ ಹೊಡೆದ." ಅಲ್ಲಿಗೆ ನಿಲ್ಲಿಸಿದ. "ಇದು ತಪ್ಪೈತಿ. ಚಪ್ಲಿ ಅಲ್ಲ, ಬೆಲ್ಟು. ನಿಂಗ ಕಾಣಂಗಿಲ್ಲಲ್ಲ, ಹಂಗಾಗಿ ತಪ್ಪು ಬರದೀದಿ."

ಇವತ್ತು ಕೊಲ್ಲುತ್ತಾನೆ ಎಂದುಕೊಂಡಳು.

ಕುತ್ತಿಗೆಗೆ ಕೈ ಬಿತ್ತು. ಕಿವಿಯ ತಂತಿ ಕಿತ್ತುಹೋಯಿತು. ಎರಡು ಹೆಬ್ಬೆರಳು ಗಂಟಲಿನ ಗುಳಿಯಲ್ಲಿ ಇಳಿದವು. ಅವಳು ಕಾಲು ಝಾಡಿಸಿದಳು, ಉಗುರಿಗೆ ಸಿಕ್ಕಿದ್ದನ್ನು ಪರಚಿದಳು, ಬಾಯಿಗೆ ಸಿಕ್ಕ ಮಣಿಕಟ್ಟನ್ನು ಕಚ್ಚಿದಳು, ಉಪ್ಪುಪ್ಪಾದ ರಕ್ತ ಬಾಯಿಗೆ ಬಂತು. ಅವನು ಬೈದು ಕೈಬಿಟ್ಟ. ಅವಳು ನೆಲಕ್ಕೆ ಬಿದ್ದಳು. ಉಸಿರು ಬಂತು, ದನಿ ಬರಲಿಲ್ಲ. ಪಕ್ಕೆಗೆ ಒದೆ ಬಿತ್ತು, ಮತ್ತೊಂದು, ಮತ್ತೊಂದು. ಆಮೇಲೆ ಅಡುಗೆಮೂಲೆಯಿಂದ ಕಲ್ಲು ಎಳೆದ ಸದ್ದು ಕೇಳಿತು. ಶುಂಠಿ ಜಜ್ಜುವ ಕಲ್ಲು.

"ಈ ಬೆರಳು ಅಲ್ಲೇನು ಬರಿಯೋವು?"

ಅವಳ ಬಲಗೈಯನ್ನು ಮೊಣಕಾಲಿನಡಿ ಹಾಕಿ ಒತ್ತಿ ಹಿಡಿದ. ಕಲ್ಲು ಮೂರು ಸಲ ಬಿತ್ತು. ಮೊದಲನೆಯದಕ್ಕೆ ಮೂಳೆ ಒಡೆದ ಸದ್ದು ಅವಳಿಗೇ ಕೇಳಿಸಿತು, ಕಡಲೆಕಾಯಿ ಸುಲಿದ ಹಾಗೆ. ಮೂರನೆಯದಕ್ಕೆ ಏನೂ ಅನ್ನಿಸಲಿಲ್ಲ. ಅವನು ಏದುಸಿರು ಬಿಡುತ್ತ ಎದ್ದ, ಟ್ಯಾಬ್ಲೆಟ್ಟು ಎತ್ತಿಕೊಂಡ, ಹೊರಗೆ ಹೋಗಿ ಚಿಲಕ ಹಾಕಿದ.

ಕೀಬೋರ್ಡು ಮಂಚದಡಿಯಲ್ಲಿ ಬಿದ್ದಿತ್ತು. ಅದನ್ನು ಅವನು ತಿರುಗಿಯೂ ನೋಡಲಿಲ್ಲ. ಗಾಜೇ ಎಲ್ಲ, ಇದು ಬರಿಯ ಪ್ಲಾಸ್ಟಿಕ್ಕು ಎಂಬುದು ಕಣ್ಣಿದ್ದವರ ಲೆಕ್ಕ. ಅವಳು ಎಡಗೈಯಿಂದ ತೆವಳಿ ಅದನ್ನು ಎಳೆದುಕೊಂಡಳು. ಕೂಗಲು ಗಂಟಲಿಲ್ಲ. ಗಂಟಲಿದ್ದರೂ ಏನು, ಅವಳ ಕೂಗಿಗೆ ಓಣಿಯ ಕಿವಿ ಜಡ್ಡುಗಟ್ಟಿತ್ತು. ಆದರೆ ಹೊರಗೆ ಮೆಟ್ಟಿಲ ಮೇಲೆ ಅವನ ಚಪ್ಪಲಿ ನಿಂತದ್ದು ಕೇಳಿಸಿತು. ಕಮರುನ್ನೀಸಾ ಕೆಳಗಿನಿಂದ ಮೆಟ್ಟಿಲು ಹತ್ತಿ ಬಂದು ಅವನಿಗೆ ಅಡ್ಡ ನಿಂತಿದ್ದಳು.

"ಏನ್ರೀ ಅದು ದಬದಬ ಸದ್ದು?"

"ಬಿದ್ಲು ಬೀಬಿ. ಮಂಚಕ್ಕ ಎಡವಿ ಬಿದ್ಲು. ಇದೂ ಕೆಟ್ಟೈತಿ, ರಿಪೇರಿಗೆ ಕೊಟ್ಟು ಬರ್ತೀನಿ."

ಗೋಡೆಯಾಚೆ ಹತ್ತು ಹೆಜ್ಜೆಯೂ ಇಲ್ಲ, ತಂತಿಯಿಲ್ಲದ ಕೀಬೋರ್ಡು ಅಲ್ಲಿಗೂ ಮುಟ್ಟುತ್ತದೆ. ಅಯ್ಯಮ್ಮ ಎಡಗೈಯಲ್ಲಿ ಕರ್ಟನ್ನಿನ ಕೀಲಿಗಳನ್ನು ಒತ್ತಿದಳು. ಈ ಸಲ ದನಿಯ ಬಾಯಿ ಮುಚ್ಚಿಸಲಿಲ್ಲ. ತಂತಿ ಕಿತ್ತಿದ್ದರಿಂದ ಅದು ಅವನ ಕೈಯೊಳಗಿಂದ ಗಟ್ಟಿಯಾಗಿ ಕೇಳಿಸಿತು: ಸ್ಕ್ರೀನ್ ಕರ್ಟನ್ ಆನ್. ಗಾಜು ಕಪ್ಪಾಯಿತು. ದನಿಯನ್ನು ಅವಳು ಯಾವಾಗಲೂ ಓಟದ ವೇಗದಲ್ಲಿಟ್ಟಿದ್ದಳು, ಬೇರೆಯವರಿಗೆ ಅದು ಜೇನ್ನೊಣದ ಝೇಂಕಾರ. ಅವಳು ವೇಗ ಇಳಿಸತೊಡಗಿದಳು. "ಎಂಬತ್ತು. ಎಪ್ಪತ್ತು. ಅರುವತ್ತು. ಐವತ್ತು" ಎಂದು ಅದು ಎಣಿಸುತ್ತ ಇಳಿಯಿತು, ಪ್ರತಿ ಸಲವೂ ಇನ್ನಷ್ಟು ಸ್ಪಷ್ಟವಾಗಿ.

"ಏನಂತಿದೆ ಅದು?" ಎಂದಳು ಕಮರುನ್ನೀಸಾ.

ಅಯ್ಯಮ್ಮ ಸದ್ದು ಪೂರ್ತಿ ಏರಿಸಿ, ಮೊದಲಿನಿಂದ ಓದು ಎಂಬ ಕೀಲಿಗಳನ್ನು ಒತ್ತಿದಳು.

ಟ್ಯಾಬ್ಲೆಟ್ಟು ಓದಿತು. ಮಸ್ಕಿಯ ಅಯ್ಯಮ್ಮ ಎಂಬ ನಾನು, ಎಂದು ಶುರುಮಾಡಿತು. ಸ್ಟೀಲು ಲೋಟ ಎಂದಿತು. ಕುದಿಯುವ ಚಹಾ, ಬಲತೊಡೆ ಎಂದಿತು. ಯಂತ್ರದ ದನಿಗೆ ಅಳು ಗೊತ್ತಿಲ್ಲ, ಒಂದೇ ಸಮನೆ ತಾರೀಖು ಹೇಳುತ್ತ ಹೋಯಿತು. ಲಕ್ಷ್ಮಿಕಾಂತ ಅದರ ಬಾಯಿ ಮುಚ್ಚಿಸಲು ಗಾಜನ್ನು ಗುದ್ದಿದ. ಗುದ್ದಿದರೆ ನಿಲ್ಲುತ್ತದೆಯೇ? ಬೆರಳು ಬಿದ್ದ ಜಾಗದಲ್ಲಿ ಯಾವ ಸಾಲಿದೆಯೋ ಅದನ್ನು ಓದುವುದೇ ಅದರ ಧರ್ಮ. ಅವನು ಮೇಲೆ ಗುದ್ದಿದ, ಬಾಗಿಲ ಚೌಕಟ್ಟಿಗೆ ನನ್ನ ತಲೆ ಬಡಿದ ಎಂದಿತು. ಕೆಳಗೆ ಗುದ್ದಿದ, ಬಿಳಿ ಕೋಲು ಮುರಿದು ಅದರಿಂದಲೇ ಎಂದಿತು. ಆರಿಸಬೇಕೆಂದರೆ ಗಾಜು ಆಗಲೇ ಕಪ್ಪಗಿದೆ, ಆರಿದ್ದನ್ನು ಇನ್ನೇನು ಆರಿಸುವುದು? ಅವನು ಸುಮ್ಮನಾದ ಕ್ಷಣ ಅಯ್ಯಮ್ಮ ಒಳಗಿನಿಂದ ಮತ್ತೆ ಕೀಲಿ ಒತ್ತುತ್ತಿದ್ದಳು, ಅದು ಮತ್ತೆ ಮೊದಲಿನಿಂದ ಓದುತ್ತಿತ್ತು. ಓಣಿಯ ಕಿಟಕಿಗಳು ಒಂದೊಂದಾಗಿ ತೆರೆದವು.

"ಹೋದ ರಮ್ಜಾನಲ್ಲಿ ನಾನು ಹಾಲು ಕೊಟ್ಟಿದ್ದು ಇದೇ ಗಾಯಕ್ಕಾ?" ಎಂದಳು ಕಮರುನ್ನೀಸಾ. "ಸಿಟ್ಟಲ್ಲಿ ಒಂದೇಟು ಹಾಕ್ದೆ ಅಂದಿದ್ದಲ್ಲಾ ನೀನು?"

ಅವನು ಟ್ಯಾಬ್ಲೆಟ್ಟನ್ನು ಎತ್ತಿ ಮೆಟ್ಟಿಲ ಅಂಚಿಗೆ ಬಡಿದ. ಎರಡನೇ ಬಡಿತಕ್ಕೆ ದನಿ ನಿಂತಿತು. ಅಯ್ಯಮ್ಮನ ಎಡಗೈ ಕೀಲಿಗಳನ್ನು ಒತ್ತುತ್ತಲೇ ಇತ್ತು, ಏನೂ ಬರಲಿಲ್ಲ. ಮೂರು ವಾರ ಬರೆದದ್ದು ಅದರೊಳಗೆ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಎಲ್ಲ ಹೋಯಿತು ಎಂದು ಅವಳು ಮೊದಲ ಬಾರಿಗೆ ಅತ್ತಳು, ಸದ್ದಿಲ್ಲದೆ.

ಚಿಲಕ ತೆಗೆದದ್ದು ಕಮರುನ್ನೀಸಾ. ಒಳಗೆ ಬಂದವಳು ಆ ಕೈಯನ್ನು ನೋಡಿ "ಯಾ ಅಲ್ಲಾ" ಎಂದು ಕೂತುಬಿಟ್ಟಳು. ಆಮೇಲೆ ಎದ್ದು ಕಾಲಿನ ಚಪ್ಪಲಿ ತೆಗೆದುಕೊಂಡು ಹೊರಗೆ ಹೋದಳು. ಅರುವತ್ತೈದರ ಮುದುಕಿ ಅವನ ಕೊರಳಪಟ್ಟಿ ಹಿಡಿದು ಬಾಯಿಗೆ ಬಾಯಿಗೇ ಹೊಡೆದಳು. ಓಣಿಯ ಗಂಡಸರು ಕೆಳಗಿಳಿದರು. ನಿನ್ನೆಯ ತನಕ ಕಿವಿಗೆ ಹತ್ತಿ ಇಟ್ಟುಕೊಂಡವರು ಇವತ್ತು ತೋಳೇರಿಸಿ ನಿಂತರು, ಅವನನ್ನು ಮೆಟ್ಟಿಲಿನಿಂದ ಎಳೆದು ಚರಂಡಿಗೆ ಹಾಕಿ ಒದ್ದರು. ಒಬ್ಬನನ್ನು ಹತ್ತು ಜನ ತುಳಿಯುವುದು ಅವರಿಗೆ ಹಬ್ಬ. ಅವನು "ಅಯ್ಯಮ್ಮಾ, ಬ್ಯಾಡನ್ನ, ಬ್ಯಾಡನ್ನ" ಎಂದು ಕೂಗುತ್ತಿದ್ದ. ಅವಳಿಗೆ ಪ್ರತಿ ಏಟೂ ಕೇಳಿಸುತ್ತಿತ್ತು. ಸುಳ್ಳು ಹೇಳಿ ಏನು ಪ್ರಯೋಜನ, ಅವಳಿಗೆ ಹಿತವಾಯಿತು. ಇನ್ನೆರಡು ಬೀಳಲಿ ಎನಿಸಿತು. ಆಮೇಲೆ ಅಲ್ಲೇ ವಾಂತಿ ಮಾಡಿಕೊಂಡಳು.

ಮರುದಿನ ಆಸ್ಪತ್ರೆಗೆ ಹೇಳಿಕೆ ತೆಗೆದುಕೊಳ್ಳಲು ಬಂದವರ ಬೂಟಿನ ಸದ್ದು, ಆಮೇಲೆ ಗಂಟಲು ಸರಿಮಾಡಿಕೊಂಡ ರೀತಿ, ಅಯ್ಯಮ್ಮನಿಗೆ ಆಳು ಯಾರೆಂದು ತಿಳಿಯಿತು. ಎ.ಎಸ್.ಐ. ಭೀಮೇಶ್.

"ಏನಮ್ಮ, ಹೇಗಿದೀಯ?"

"ಹೋದ ಸಲ ನಿಮ್ಮ ಕಾಗದದಲ್ಲಿ ಮೆಟ್ಟಿಲಿಂದ ಬಿದ್ದಿದ್ನಲ್ಲ ಸಾರ್, ಅದಕ್ಕಿಂತ ಸ್ವಲ್ಪ ಜೋರಾಗೇ ಬಿದ್ದಿದೀನಿ" ಎಂದಳು. ಅವಳ ದನಿ ಇನ್ನೂ ಹರಿದ ಬಟ್ಟೆಯಂತಿತ್ತು.

ಹೊರಗೆ ಕಾರಿಡಾರಿನಲ್ಲಿ ತುಟಿಗೆ ಹೊಲಿಗೆ ಹಾಕಿಸಿಕೊಂಡು, ಪೇದೆಯ ಪಕ್ಕದಲ್ಲಿ ಕೂತಿದ್ದ ಲಕ್ಷ್ಮಿಕಾಂತ ಅಲ್ಲಿಂದಲೇ ಕೂಗಿದ. "ಸಾರ್, ಅದು ಆಕಿ ಬರದದ್ದಲ್ಲ. ಆಕಿಗೆ ಕಣ್ಣಿಲ್ಲ, ಆಕಿ ಹೆಂಗ ಬರೀತಾಳ? ಆಫೀಸಿನ ಮಂದಿ ಬರದು ಕೊಟ್ಟಾರ. ಆಕೀ ಮಾತು ನಂಗ ಗೊತ್ತು, ನಾ ಹೇಳ್ತೀನಿ."

"ಬರೆದಿದ್ದೆಲ್ಲಾ ಹೋಯ್ತಂತಲ್ಲ" ಎಂದರು ಭೀಮೇಶ್. "ಹೇಳಮ್ಮ, ನಾನು ಬರ್ಕೋತೀನಿ."

"ಬೇಡ ಸಾರ್."

ಓವೈಸ್ ತನ್ನ ಟ್ಯಾಬ್ಲೆಟ್ಟು ತಂದಿದ್ದ. ಕೀಬೋರ್ಡನ್ನು ಹಾಸಿಗೆಯ ಮೇಲೆ, ಅವಳ ಎಡಗೈಯಡಿ ಇಟ್ಟ. ಎರಡು ಮೂರು ಕೀಲಿ ಒಟ್ಟಿಗೆ ಒತ್ತಬೇಕಾದಲ್ಲಿ ಒಂದಾದ ಮೇಲೊಂದು ಒತ್ತಿದರೂ ನಡೆಯುವಂತೆ ಮೊದಲೇ ಹೊಂದಿಸಿಟ್ಟಿದ್ದ, ಒಂಟಿಗೈಯವರಿಗೆಂದೇ ಇರುವ ಅನುಕೂಲ ಅದು. "ನಿಧಾನ ಅಕ್ಕಾ. ಯಾರೂ ಓಡಿಸ್ತಾ ಇಲ್ಲ" ಎಂದು ಬಾಗಿಲ ಬಳಿ ಹೋಗಿ ಕೂತ.

ಬಲಗೈ ಮೊಣಕೈಯ ತನಕ ಬ್ಯಾಂಡೇಜಿನೊಳಗೆ ಬಡಿದುಕೊಳ್ಳುತ್ತಿತ್ತು. ಅವಳು ಎಡಗೈಯ ಐದು ಬೆರಳುಗಳಲ್ಲಿ ಬರೆಯತೊಡಗಿದಳು. ಯಂತ್ರ ಒಡೆದದ್ದು ನಿಜ. ಆದರೆ ಉತ್ತರವನ್ನೆಲ್ಲ ತಲೆಯಲ್ಲಿ ಕಟ್ಟಿಟ್ಟುಕೊಂಡು ಹೇಳುವ ಕಸುಬು ಅವಳದು, ಪಕ್ಕದಲ್ಲೇ ಸ್ಕ್ರೈಬಾಗಿ ಕೂತಿದ್ದವನಿಗೇ ಅದು ಮರೆತುಹೋಗಿತ್ತು. ಒಂದನೇ ತಾರೀಖು ಬಂತು, ಎರಡನೆಯದು ಬಂತು. ಮೇ ಹದಿನಾಲ್ಕರಲ್ಲಿ ಬೆಲ್ಟಿನಿಂದ ಹೊಡೆದ ಎಂದು ಬರೆದು, ಚಪ್ಪಲಿ ಎಂದು ತಾನು ತಪ್ಪು ಬರೆದಿದ್ದನ್ನು ಆರೋಪಿಯೇ ಓದಿ ತಿದ್ದಿದ ಎಂದೂ ಸೇರಿಸಿದಳು. ಇಪ್ಪತ್ತಾರೂ ಬಂದವು, ಇಪ್ಪತ್ತೇಳನೆಯದಾಗಿ ಭಾನುವಾರವೂ ಬಂತು. ಮೂರೂವರೆ ಗಂಟೆ ಹಿಡಿಯಿತು. ನರ್ಸು ಎರಡು ಸಲ ಬಂದು ಸಾಕು ಮಾಡಮ್ಮ ಎಂದಳು. ಭೀಮೇಶ್ ಎದ್ದು ಹೋಗಲಿಲ್ಲ. ಅವರ ಕುರ್ಚಿ ಒಮ್ಮೆಯೂ ಸದ್ದು ಮಾಡಲಿಲ್ಲ.

ಕೊನೆಗೆ ಅವರು ಟ್ಯಾಬ್ಲೆಟ್ಟು ತೆಗೆದುಕೊಂಡು, ಗಾಜಿನ ಮೇಲೆ ತಡಕಾಡಿ, ಕೆಳಗೆ ಏನೋ ಒಂದು ಸಾಲು ಸೇರಿಸಿ ವಾಪಸು ಕೊಟ್ಟರು. ಅಯ್ಯಮ್ಮ ಬಾಣದ ಕೀಲಿ ಒತ್ತುತ್ತ ಕೊನೆಗೆ ಹೋದಳು. ದನಿಯನ್ನು ಪೂರ್ತಿ ಕೇಳಿದಳು: ಮೇಲ್ಕಂಡ ಹೇಳಿಕೆಯನ್ನು ಓದಿಸಿ ಕೇಳಿದೆ, ಸರಿ ಇದೆ.

"ಇದು ನನ್ನದಲ್ಲ ಸಾರ್."

"ಎಲ್ಲರ ಹೇಳಿಕೇಲೂ ಇರೋದೇ ಅದು. ಪದ್ಧತಿ ಕಣಮ್ಮ. ಅದಿಲ್ದೆ ಆಗಲ್ಲ."

"ನನಗೆ ಓದಿ ಹೇಳಿದವನು ಹೊರಗಡೆ ಕೂತಿದಾನೆ" ಎಂದಳು ಅಯ್ಯಮ್ಮ.

ಭೀಮೇಶ್ ಕುರ್ಚಿಯನ್ನು ಹಾಸಿಗೆಯ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ, "ನೀವೇ ಬರೀರಿ" ಎಂದರು. ಅದುವರೆಗೆ ಏಕವಚನದಲ್ಲಿ ಮಾತಾಡುತ್ತಿದ್ದವರು.

ಅವಳು ಆ ಸಾಲನ್ನು ಒಂದೊಂದೇ ಅಕ್ಷರವಾಗಿ ಅಳಿಸಿದಳು. ಆ ಜಾಗದಲ್ಲಿ, ಎಡಗೈಯಲ್ಲಿ ಬರೆದಳು: ನಾನೇ ಬರೆದೆ. ನಾನೇ ಓದಿದೆ. ಸರಿ ಇದೆ.